ತಮ್ಮನಿಗೆ ಕೊಟ್ಟ ಕಂಬಳಿ ತುಂಡು

ಸಾರು ಬಡಿಸಿದರೆ ನನ್ನ ತಮ್ಮ ಕೂಡಲೇ ಉಣ್ಣುವುದಿಲ್ಲ. ಗಂಗಾಳ ವಾರೆ ಮಾಡಿ, ಮುರಿದ ರೊಟ್ಟಿಯೊಳಗೆ ಸಾರು ಹೇಗೆ ಇಳಿಯುತ್ತದೆಂದು ನೋಡುತ್ತಾನೆ.

"ಒಳಗಿನ ಗಾಳೀಗೂ ಹಾದಿ ಬೇಕಲ್ಲ, ಅಕ್ಕಾ."

"ಮದಲ ಹೊಟ್ಟಿಗಿ ಹಾದಿ ಮಾಡೋ," ಎನ್ನುತ್ತೇನೆ ನಾನು.

ಉಮರ್ಗಾದ ಕಾರ್ಖಾನೆಯಲ್ಲಿ ಅವನ ಕೆಲಸವೂ ಇದೇ. ಅಲ್ಲಿ ಬಟ್ಟೆಯ ಪದರಗಳಿಗೆ ರೆಸಿನ್ ಎಂಬ ಅಂಟುದ್ರವ ತುಂಬಿ ಗಟ್ಟಿ ಹಲಗೆ ಮಾಡುತ್ತಾರೆ. ಆ ದ್ರವ ಎಲ್ಲಿಯವರೆಗೆ ಹರಿಯುತ್ತದೆಂದು ಇವನು ಮೊದಲೇ ಕಂಪ್ಯೂಟರಿನಲ್ಲಿ ತೋರಿಸುತ್ತಾನೆ.

ನಮ್ಮ ಕುರಿ ಉಣ್ಣೆಯ ಕಂಬಳಿಯಿಂದಲೂ ಹಲಗೆ ಮಾಡಬಹುದೆಂದು ಸಾಹೇಬರಿಗೆ ಮಾತು ಕೊಟ್ಟು ಬಂದ. ರೆಸಿನ್ ಎಷ್ಟು ಸಲೀಸಾಗಿ ಹರಿಯುತ್ತದೆಂದು ಅಳೆಯಲು ಹೊಸ ಕಂಬಳಿಯ ತುಂಡು ಕೇಳಿದ. ನಾನೇ ನೂಲು ತೆಗೆದ ಕಂಬಳಿ, ಕತ್ತರಿಸಲು ಮನಸ್ಸಾಗಲಿಲ್ಲ. ಹಳೆಯ, ಸಡಿಲಾದ ಕಂಬಳಿಯ ತುಂಡು ಕೊಟ್ಟು, ಹೊಸದೇ ಎಂದೆ.

ಅದನ್ನು ಅಳೆದು, ರೆಸಿನ್ ಕೊನೆಯವರೆಗೂ ಹರಿಯುತ್ತದೆಂದು ಅವನು ಲೆಕ್ಕ ತೋರಿಸಿದ. ಆಮೇಲೆ ಕಾರ್ಖಾನೆಯವರು ಹೊಸ ಕಂಬಳಿಗಳನ್ನು ಕೊಂಡು ರೆಸಿನ್ ಬಿಟ್ಟರು. ಒತ್ತು ನೇಯ್ಗೆಯಲ್ಲಿ ಅದು ಅರ್ಧದಾರಿಗೇ ಗಟ್ಟಿಯಾಯಿತು. ಸಾಹೇಬರು ಕೆಲಸ ನಿಲ್ಲಿಸಿದರು. ನಾಲ್ಕನೆಯ ತರಗತಿ ಓದಿದ ನನಗೂ ಕಾರಣ ತಿಳಿದಿತ್ತು. ಆದರೂ ಬಾಯಿ ಬಿಡಲಿಲ್ಲ.

ಒಂದು ದಿನ ತಮ್ಮ ಉಣ್ಣುತ್ತಾ ಅಂದ: "ನನಗ ಲೆಕ್ಕಾನೇ ಬರೂದಿಲ್ಲಕ್ಕಾ. ನೌಕರಿ ಬಿಡ್ತೀನಿ."

"ಆ ತುಂಡು ಹಳೀ ಕಂಬಳೀದೋ ತಮ್ಮಾ. ನಾ ಸುಳ್ಳ ಹೇಳೀನಿ," ಎಂದು ತಲೆ ತಗ್ಗಿಸಿದೆ.

ಅವನು ಎಂಜಲು ಕೈಯಲ್ಲೇ ಎದ್ದು ಅಂಗಳದಲ್ಲಿ ಕುಣಿದ. "ಖರೇನಾ? ಹಂಗಾದ್ರ ನನ್ನ ಲೆಕ್ಕ ಬರೋಬ್ಬರ್ ಅದ!"

ಕುಣಿತ ಮುಗಿಸಿ ಬಂದು, "ಈಗ ಹೊಸಾದು ಕತ್ತರಸು. ನಿನ್ನ ಮ್ಯಾಲ ನನಗ ಭರೋಸಾ ಇಲ್ಲ, ಇಲ್ಲೇ ನಿಂತು ನೋಡ್ತೀನಿ," ಎಂದ.

ಕಂಬಳಿಯ ನಟ್ಟನಡುವಿಗೇ ಕತ್ತರಿ ಹಾಕಿದೆ.