ಹಗಲು ಹಾರುವ ಬ್ರೂಶಾ

ಪರಾಯ್ಬಾ ಸೀಮೆಯ ನಮ್ಮ ಕಡೆ ಅನಾನಸ್ ತೋಟದ ಹೆಂಗಸರಿಗೆ ಚಾಕು ಎಂದರೆ ಆರನೆಯ ಬೆರಳು. ಇದಲೀನಾ ಇಪ್ಪತ್ತಾರು ವರ್ಷ ಅದರಿಂದಲೇ ತಾಯಿಗಿಡದ ಮರಿ ಬಿಡಿಸಿ, ನೆಟ್ಟು, ಹೊಟ್ಟೆ ಹೊರೆದವಳು. ಕಳೆದ ಹಂಗಾಮಿನಲ್ಲಿ ಗಿಡಗಳು ಒಂದೊಂದಾಗಿ ವಾಲತೊಡಗಿದವು. ಬುಡದಲ್ಲಿ ತೂತು. ಮೇಸ್ತ್ರಿ ಎವಾಲ್ದುವಿನ ಕಣ್ಣು ನೇರ ಅವಳ ಚಾಕುವಿಗೆ ಹೋಯಿತು. ಹಿಂದಿನ ವಾರವಷ್ಟೇ ಆಕೆ ಎಲ್ಲರಿಗೂ ಕೈಗವಸು ಕೇಳಿದ್ದಳು. ಕೇಳಿದ ಬಾಯಿಯ ಮೇಲೆ ಅನುಮಾನ ಬೇಗ ಬರುತ್ತದೆ.

“ಸಿಟ್ಟಿಗೆ ಚುಚ್ಚಿದೀಯ ಅಲ್ವಾ?”

“ಚುಚ್ಚೋಳಾಗಿದ್ರೆ ಗಿಡ ಯಾಕೆ ಮೇಸ್ತ್ರಿ, ನೀವೇ ಹತ್ರ ಇದ್ರಲ್ಲ.”

“ನಾಲಿಗೆ ಉದ್ದ ಆಯ್ತು. ಕೊಯ್ಲು ಮುಗಿಯೋದ್ರೊಳಗೆ ಯಾರ ಕೆಲಸ ಅಂತ ತೋರ್ಸು. ಇಲ್ಲ, ಚಾಕು ಇಟ್ಟು ಹೊರಡು.”

ಇದಲೀನಾಳ ಅನುಮಾನ ಬೇರೆಡೆಗಿತ್ತು. ನಡುಮಧ್ಯಾಹ್ನ ಸಾಲುಗಳ ಮೇಲೆ ಅಂಗೈಯಗಲದ ಕಂದು ರೆಕ್ಕೆಗಳು ಸುತ್ತುತ್ತಿದ್ದವು. ರಾತ್ರಿ ಮನೆಗೆ ನುಗ್ಗುವ ದೊಡ್ಡ ಪತಂಗಕ್ಕೆ ನಮ್ಮಲ್ಲಿ ಬ್ರೂಶಾ ಎನ್ನುತ್ತಾರೆ. ಮಾಟಗಾತಿಗೂ ಅದೇ ಹೆಸರು. ಅದನ್ನು ಕಂಡರೆ ಪೊರಕೆ ಎತ್ತುವ ಜನ, ಬಿಸಿಲಲ್ಲಿ ಹಾರಿದ್ದನ್ನು ಚಿಟ್ಟೆ, ಶುಭ ಎಂದು ಬಿಟ್ಟುಬಿಡುತ್ತಾರೆ.

ಆಕೆ ವಾಲಿದ ಗಿಡವೊಂದನ್ನು ಸೀಳಿದಳು. ಕೊರೆದ ದಿಂಡಿನೊಳಗೆ ನಾರು ಸುತ್ತಿದ ಹುಳುವಿನ ಗೂಡು. ಮನೆಗೆ ಒಯ್ದು ಗಾಜಿನ ಜಾಡಿಯಲ್ಲಿಟ್ಟು ಬಟ್ಟೆ ಕಟ್ಟಿದಳು. ಐದನೆಯ ವಾರ, ಎಲ್ಲರೂ ಊಟಕ್ಕೆ ಕೂತಿದ್ದಾಗ, ಆ ಜಾಡಿಯನ್ನು ಮೇಸ್ತ್ರಿಯ ಮುಂದಿಟ್ಟಳು. ಒಳಗಿದ್ದದ್ದು ರೆಕ್ಕೆ ಬಿಚ್ಚಿತು. ಹಿಂದಿನ ಜೋಡಿಯಲ್ಲಿ ಕಿತ್ತಳೆ ಪಟ್ಟೆ.

“ದಿನಾ ನೋಡೋ ಚಿಟ್ಟೆ ಅಲ್ವೇನೇ ಇದು?” ಎಂದಳು ಜೊತೆಗಾತಿ ಕ್ಲೆವೊನೀಸಿ.

“ಚಿಟ್ಟೆ ಅಲ್ಲ ಕಣೇ, ಬ್ರೂಶಾನೇ. ಹಗಲು ಹಾರುತ್ತೆ ಅಷ್ಟೆ. ಇದರ ಹುಳಾನೇ ಗಿಡ ಕೊರೆಯೋದು.”

ಎವಾಲ್ದು ಕೊರಳಿನ ಸಂತನ ಪದಕ ಮುಟ್ಟಿಕೊಂಡ. “ಸರಿ. ಬ್ರೂಶಾನ ಮನೇಲಿ ಸಾಕಿದೋಳನ್ನ ಏನಂತಾರೆ?”

ಯಾರೋ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಕೈಗವಸು ಯಾರಿಗಾಗಿ ಕೇಳಿದ್ದಳೋ ಅವರೂ ತಟ್ಟೆಯ ಹುರುಳಿ ನೋಡುತ್ತ ಕೂತರು. ಮರುದಿನ ಬೆಳಿಗ್ಗೆ ಆಳುಗಳನ್ನು ತೋಟಕ್ಕೆ ಒಯ್ಯುವ ಲಾರಿಯ ಹತ್ತಿರ ಹೆಸರು ಕೂಗುವಾಗ ಇದಲೀನಾಳ ಹೆಸರು ಬರಲಿಲ್ಲ.

ತಿಂಗಳ ನಂತರ, ಊರಲ್ಲಿ ಈ ಸುದ್ದಿ ಕೇಳಿದ್ದ ನಾನೇ ತೋಟಕ್ಕೆ ಹೋಗಿ ಮೇಸ್ತ್ರಿಯನ್ನು ಕೇಳಿದೆ: “ಅವಳು ಹೋದಳಲ್ಲ, ತೂತು ಇನ್ನೂ ಬೀಳ್ತಿದೆಯಂತೆ?”

“ಬೀಳದೆ? ಹೋಗ್ತಾ ಜಾಡಿ ಬಾಯಿ ಬಿಚ್ಚಿ ಹೋದ್ಲು ಆ ಮಾಟಗಾತಿ,” ಎಂದ ಎವಾಲ್ದು. ಹೇಳುತ್ತಲೇ ಗೇಟಿನಲ್ಲಿ ಹೆಂಗಸರ ಚೀಲ ತಡಕುತ್ತಿದ್ದ, ಚಾಕುಗಳನ್ನು ಕಸಿದು ಬುಟ್ಟಿಗೆ ಹಾಕುತ್ತಿದ್ದ. ಅವನ ಬೆನ್ನ ಹಿಂದೆ, ಉರಿಬಿಸಿಲಲ್ಲಿ, ಕಂದು ರೆಕ್ಕೆಯ ಮೂರು ಪತಂಗಗಳು ಸಾಲಿನಿಂದ ಸಾಲಿಗೆ ಇಳಿಯುತ್ತಿದ್ದವು.