ಅರಮನೆಯಲ್ಲಿ ನೆಗೆಣ್ಣಿಯರು

ಬಾಗಲಕೋಟೆಯ ಕಣ್ಣಿನ ದವಾಖಾನೆಯಲ್ಲಿ ಕಿಟಕಿಗಳ ಮೇಲ್ಭಾಗಕ್ಕೆ ನೀಲಿ, ಹಸಿರು ಗಾಜು ಕೂರಿಸಿದ್ದಾರೆ. ಇವತ್ತು ಬೆಳಿಗ್ಗೆ ಅವ್ವನ ಕಣ್ಣಿನ ಪಟ್ಟಿ ಬಿಚ್ಚಲು ಡಾಕ್ಟರು ಬರುವುದನ್ನೇ ಕಾಯುತ್ತ ಕೂತಿದ್ದಾಗ ಬಿಸಿಲು ಆ ಗಾಜಿನಿಂದಿಳಿದು ನನ್ನ ಮಡಿಲಿಗೆ ಬಣ್ಣ ಚೆಲ್ಲಿತು. ಥಟ್ಟನೆ ಮೈಸೂರು ಅರಮನೆ ನೆನಪಾಯಿತು. ದವಾಖಾನೆಯಲ್ಲಿ ಕೂತು ಅರಮನೆ ನೆನೆಯುವವಳಿಗೆ ನೀವು ಏನನ್ನುತ್ತೀರೋ. ಪ್ರಸಂಗ ಕೇಳಿ, ಆಮೇಲೆ ಅನ್ನಿ.

ಇಳಕಲ್ಲಿನಲ್ಲಿ ನಮ್ಮದೂ ದೊಡ್ಡಪ್ಪನದೂ ಒಂದೇ ಅಂಗಳದ ಎರಡು ಮನೆ. ಅಪ್ಪ, ದೊಡ್ಡಪ್ಪ ಅಕ್ಕಪಕ್ಕದ ಮಗ್ಗದಲ್ಲಿ ಕೂತು ದಿನವಿಡೀ ಹರಟುತ್ತ ಸೀರೆ ನೇಯುತ್ತಿದ್ದರು. ಮಾತು ಬಿಟ್ಟವರು ನೆಗೆಣ್ಣಿಯರಾದ ಅವರ ಹೆಂಡಿರು. ನನ್ನ ನಿಶ್ಚಯದ ದಿನ ಅವ್ವ ಮಾಡಿದ ಬದನೆಕಾಯಿ ಪಲ್ಯ ತಿಂದು ಬೀಗರ ಎದುರಿಗೇ ದೊಡ್ಡವ್ವ, “ಎಣಗಾಯಿಗೆ ಉಪ್ಪು ಒಂಚೂರು ಜಾಸ್ತಿ ಆಗೈತಿ” ಅಂದುಬಿಟ್ಟಿದ್ದಳು. ಜಾಸ್ತಿಯಾದದ್ದು ಖರೆ, ಅನ್ನಬಾರದಿತ್ತು. ಆಮೇಲೆ ಅವ್ವ, “ಕೆಲವರಿಗೆ ನಾಲಿಗಿ ಉದ್ದ” ಎಂದು ತುಳಸಿಗೆ ಹೇಳುವಳು. ದೊಡ್ಡವ್ವ, “ಕೆಲವರಿಗೆ ಸಿಟ್ಟು ಮೂಗಿನ ಮ್ಯಾಲ” ಎಂದು ಬೆಕ್ಕಿಗೆ ಹೇಳುವಳು. ಕೇಳುವವರಿಗೆ ತಮಾಷೆಯೇ. ಆದರೆ ದೀಪಾವಳಿ ಬಂದು, ಮೊದಲು ಎದುರುಬದುರು ಕೂತು ಕರ್ಚಿಕಾಯಿ ಮಡಚುತ್ತಿದ್ದ ಆ ಇಬ್ಬರೂ ತಮ್ಮ ತಮ್ಮ ಪಡಸಾಲೆಯಲ್ಲಿ ಒಬ್ಬಂಟಿಯಾಗಿ ಕೂತದ್ದನ್ನು ನೋಡಿದರೆ ತವರಿಗೆ ಯಾಕೆ ಬಂದೆನೋ ಅನ್ನಿಸುತ್ತಿತ್ತು.

ಇಂಥ ಹೊತ್ತಿನಲ್ಲಿ ಅಪ್ಪ, ದೊಡ್ಡಪ್ಪ ಸೇರಿ ಎಲ್ಲರಿಗೂ ಮೈಸೂರಿಗೆ ಗಾಡಿ ಮಾಡಿದರು. ನೆಗೆಣ್ಣಿಯರಲ್ಲಿ ಒಬ್ಬಳು ಮುಂದಿನ ಸೀಟಿನಲ್ಲಿ, ಇನ್ನೊಬ್ಬಳು ಕಟ್ಟಕಡೆಯಲ್ಲಿ.

ನಾನು ಸಾಲಿ ಟೀಚರು. ಅರಮನೆಯ ಕಮಾನು, ಗುಮ್ಮಟಗಳ ಬಗ್ಗೆ ಓದಿಕೊಂಡು ಪಾಠದ ತಯಾರಿಯಲ್ಲೇ ಹೋಗಿದ್ದೆ. ನಮ್ಮ ಬಾದಾಮಿಯ ಕಡೆ ದೊರೆಗಳು ದೇವರಿಗೆ ಕಟ್ಟಿಸಿದ ಮನೆಗಳು ನಿಂತಿವೆ, ತಮಗೆ ಕಟ್ಟಿಸಿಕೊಂಡವು ಉಳಿದಿಲ್ಲ. ಹಾಗಾಗಿ ರಾಜರು ಓಡಾಡಿದ ಮನೆ ನೋಡುವುದು ನಮಗೆಲ್ಲ ಹೊಸದು. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ ಮೇಲೆ ನನ್ನ ಪಾಠ ಒಬ್ಬರಿಗೂ ಬೇಕಾಗಲಿಲ್ಲ. ನನಗೂ.

ಕಲ್ಯಾಣ ಮಂಟಪಕ್ಕೆ ಬಂದೆವು. ತೆಳ್ಳಗೆ ಎತ್ತರಕ್ಕೆ ಏರಿದ ಕಂಬಗಳು, ಅವುಗಳ ಮೇಲೆ ಬಣ್ಣದ ಗಾಜಿನ ಗುಮ್ಮಟ, ಗಾಜಿನ ತುಂಬ ನವಿಲು. ಅಷ್ಟು ದೊಡ್ಡ ಛಾವಣಿಗೆ ಭಾರವೇ ಇದ್ದಂತಿರಲಿಲ್ಲ. ಯಾರೋ ಸೆರಗು ಹರವಿ ಹಿಡಿದಂತಿತ್ತು. ಅವ್ವ ಕತ್ತೆತ್ತಿ ಒಂದೊಂದೇ ಹೆಜ್ಜೆ ಹಿಂದೆ ಸರಿದಳು. ಆ ಕಡೆಯಿಂದ ದೊಡ್ಡವ್ವನೂ ಕತ್ತೆತ್ತಿ ಹಿಂದೆ ಸರಿಯುತ್ತಿದ್ದಳು. ನಾನು ಬಾಯಿ ತೆರೆಯುವುದರೊಳಗೆ ಬೆನ್ನಿಗೆ ಬೆನ್ನು ಡಿಕ್ಕಿ!

“ಯಾರವಾ, ಕಣ್ಣ ಕಾಣಂಗಿಲ್ಲೇನು?” ಇಬ್ಬರೂ ಒಟ್ಟಿಗೇ ಅಂದು, ಒಟ್ಟಿಗೇ ತಿರುಗಿದರು.

ದೊಡ್ಡವ್ವ ಬೆರಳೆತ್ತಿ, “ಶಾಂತಾ, ಆ ನವಿಲ ನೋಡಿದಿ?” ಅಂದಳು.

“ಯಾವದಕ್ಕಾ?”

“ಅದವಾ, ಈ ಕಡಿ. ಬಾ ಇಲ್ಲೆ.”

ಅವ್ವ ಹೋದಳು. ದರ್ಬಾರು ಹಾಲಿಗೂ ಜೋಡಿಯಾಗಿಯೇ ಹೋದರು. ಸಾಲು ಕಂಬ, ಕಮಾನಿನ ಹಿಂದೆ ಕಮಾನು ನೋಡಿ ಅವ್ವ, “ಅಕ್ಕಾ, ಹಬ್ಬ ಬಂದ್ರ ಇವನ್ನೆಲ್ಲ ಒರಸೋರು ಯಾರು?” ಅಂದಳು.

“ನಮ್ಮಂಥಾ ನೆಗೆಣ್ಣೇರು ಒಂದ ಓಣಿ ತುಂಬ ಬೇಕು.”

“ಎಲ್ಲಾ ತೋರಿಸಿದ್ರು, ಅಡಗಿಮನಿ ಯಾಕ ತೋರಿಸವಲ್ರು?”

ದೊಡ್ಡವ್ವ ದನಿ ತಗ್ಗಿಸಿದಳು. “ನನ್ನಂಥಾಕಿ ಯಾವಾಕೆರ ಹೋಗಿ ಉಪ್ಪು ಜಾಸ್ತಿ ಆತು ಅಂದಿರ್ತಾಳ. ರಾಣಿ ಬಾಗಲಾ ಹಾಕಿಸಿರ್ಬೇಕು.”

ಅವ್ವ ಕಂಬ ಹಿಡಿದುಕೊಂಡು ನಗತೊಡಗಿದಳು. ನಗುನಗುತ್ತಲೇ ಕಣ್ಣೊರೆಸಿಕೊಂಡಳು. “ಕಂಬ ಮುಟ್ಟಬೇಡಿ ಅಮ್ಮಾ” ಎಂದು ಕಾವಲಿನವನು ಗದರಿದ. ಹಿಡಿದುಕೊಳ್ಳಲು ದೊಡ್ಡವ್ವ ತನ್ನ ಕೈ ಕೊಟ್ಟಳು.

ಊರಿಗೆ ಮರಳುವಾಗ ಇಬ್ಬರದೂ ಒಂದೇ ಸೀಟು. ಅರ್ಧ ದಾರಿಯ ತನಕ ಮಾತಾಡಿದರು, ಆಮೇಲೆ ಒಬ್ಬರ ಮೇಲೊಬ್ಬರು ಒರಗಿ ಗೊರಕೆ ಹೊಡೆದರು.

ಇಷ್ಟು ನೆನೆಯುವಷ್ಟರಲ್ಲಿ ಡಾಕ್ಟರು ಬಂದರು. ಅವ್ವನ ಜೊತೆಗೆಂದು ನಿನ್ನೆಯಿಂದ ದವಾಖಾನೆಯಲ್ಲೇ ಉಳಿದಿದ್ದ ದೊಡ್ಡವ್ವ ಮಂಚದ ಮುಂದೆ ನಿಂತಳು. ಪಟ್ಟಿ ಬಿಚ್ಚಿ ಡಾಕ್ಟರು, “ಎದುರಿಗೆ ಏನ್ ಕಾಣ್ತೈತಿ ಹೇಳ್ರಿ” ಅಂದರು.

ಅವ್ವ ರೆಪ್ಪೆ ಬಡಿದು ದಿಟ್ಟಿಸಿದಳು. “ಅಯ್ಯ ಅಕ್ಕಾ, ನೀ ಯಾವಾಗ ಇಷ್ಟು ಮುದುಕಿ ಆದಿ?”

“ನಿನ್ನ ಕಾಯ್ಕೋಂತ ಕುಂತು ಆದ್ನೆವಾ,” ಅಂದಳು ದೊಡ್ಡವ್ವ.

ಡಾಕ್ಟರು ನಕ್ಕರು. ನಾನು ಹೊರಗೆ ಬಂದು, ಹಬ್ಬಕ್ಕಷ್ಟೇ ಮಾತಾಡುವ ನನ್ನ ನೆಗೆಣ್ಣಿಗೆ ಫೋನು ಹಚ್ಚಿದೆ. ಅವಳಿಗೆ ಗಾಬರಿ. “ಯಾಕಕ್ಕಾ, ಏನಾತು?”

“ಏನಿಲ್ಲವಾ,” ಅಂದೆ. “ನಾಷ್ಟಾ ಆತೇನು?”