ದಂಪತಿಗಳ ಪರವಾಗಿ ಯಜಮಾನರು ಎರಡು ಮಾತು

ಹೋದ ತಿಂಗಳು ಒಂದೇ ದಿನ ನನ್ನ ಗೆಳತಿ ರೋಹಿಣಿಯ ಮೊಬೈಲಿಗೆ ಎರಡು ಕರೆ ಬಂದವು. ಒಂದು ಅಹಮದಾಬಾದಿನಿಂದ, ಅವಳನ್ನು ವೇದಿಕೆಯಿಂದ ಇಳಿಸಲು. ಇನ್ನೊಂದು ಸೂರತ್ತಿನಿಂದ, ಅವಳನ್ನು ವೇದಿಕೆ ಹತ್ತಿಸಲು. (ಇನ್‌ಕಮಿಂಗ್ ಫ್ರೀ ಆದಾಗಿನಿಂದ ಅವಳು ಯಾರ ಕರೆಯನ್ನೂ ಕಟ್ ಮಾಡುವುದಿಲ್ಲ. ಅದೇ ತಪ್ಪು.)

ಎರಡಕ್ಕೂ ಕಾರಣ ಒಂದೇ. ರೋಹಿಣಿಗೆ ಮದುವೆಯಾಗಿತ್ತು. ಗಂಡಸಿನ ಜೊತೆ.

‘ಗಂಡಸಿನ ಜೊತೆ ಅಂತ ಬೇರೆ ಹೇಳಬೇಕೇ?’ ಅನ್ನುತ್ತೀರಿ. ಇಲ್ಲಿ ಹೇಳಬೇಕು. ರೋಹಿಣಿ ಬೈಸೆಕ್ಷುಯಲ್. ಅಂದರೆ ಹೆಣ್ಣನ್ನೂ ಪ್ರೀತಿಸಬಲ್ಲಳು, ಗಂಡನ್ನೂ ಪ್ರೀತಿಸಬಲ್ಲಳು. (ಇದಕ್ಕೊಂದು ಕನ್ನಡ ಪದ ಹುಡುಕಿದೆ. ಸಿಕ್ಕಿದ್ದು ಸಸ್ಯಶಾಸ್ತ್ರದ ಪಠ್ಯದಲ್ಲಿ, ದಾಸವಾಳದ ಬಗ್ಗೆ. ಬಿಟ್ಟುಬಿಟ್ಟೆ.) ಆರು ವರ್ಷದಿಂದ ಇದನ್ನೇ ಊರೂರು ತಿರುಗಿ ಮೈಕಿನಲ್ಲಿ ಹೇಳುತ್ತಿದ್ದಾಳೆ. ನಾನೂ ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ‘ಬರಿ, ಆದ್ರ ನನ್ನನ್ನ ಪಾಪದಾಕಿ ಮಾಡಬ್ಯಾಡ’ ಅಂದಿದ್ದಾಳೆ.

ಧಾರವಾಡದ ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಚರ್ಚಾ ತಂಡ. ಕಾಲೇಜಿಗೆ ಇಬ್ಬರು, ಒಬ್ಬರು ವಿಷಯದ ಪರ, ಇನ್ನೊಬ್ಬರು ವಿರೋಧ. ನಾನು ಯಾವಾಗಲೂ ವಿರೋಧ. ಮನೆಯಲ್ಲಿ ನನ್ನ ತಾಯಿ ಈಗಲೂ ‘ಪರ ಅಂತ ಒಂದಿನಾನಾದ್ರೂ ಮಾತಾಡೀಯೇನು?’ ಅನ್ನುತ್ತಾರೆ. ಓದು ಮುಗಿದ ಮೇಲೆ ನಾನು ವಡೋದರೆಗೆ ಬಂದೆ, ಮಕರಪುರದ ಒಂದು ಫ್ಯಾಕ್ಟರಿಗೆ. ಅವಳು ಸೂರತ್ತಿಗೆ ಬಂದಳು, ಒಂದು ಬಟ್ಟೆ ಕಂಪನಿಯ ಎಕ್ಸ್‌ಪೋರ್ಟ್ ಆಫೀಸಿಗೆ.

ವಾರವೆಲ್ಲ ಆಫೀಸು, ರಜೆಯ ದಿನ ಭಾಷಣ. ಮೊದಲ ಭಾಷಣ ಸೂರತ್ತಿನ ಪಾಂಡೇಸರಾದಲ್ಲಿ, ಬಟ್ಟೆಗೆ ಬಣ್ಣ ಹಾಕುವ ಮಿಲ್ಲುಗಳ ನಡುವಿನ ಒಂದು ಷೆಡ್ಡಿನಲ್ಲಿ, ಆರೋಗ್ಯ ಕಾರ್ಯಕರ್ತರ ಮುಂದೆ. ಹನ್ನೊಂದು ಜನ ಇದ್ದರು, ಮೂವರು ಫ್ಯಾನಿಗಾಗಿ ಬಂದವರು. ಆಮೇಲೆ ಕಾಲೇಜುಗಳು. ಒಂದು ಕಡೆ ಪ್ರಿನ್ಸಿಪಾಲರು ಮೊದಲ ಸಾಲಿನಲ್ಲಿ ಪೇಪರ್ ಓದುತ್ತಾ ಕೂತಿದ್ದರು. ಅವಳು ಮುಗಿಸುವವರೆಗೂ ಒಂದು ಪುಟವನ್ನೂ ಮಗುಚಲಿಲ್ಲವಂತೆ. ಆಮೇಲೆ ಅಹಮದಾಬಾದಿನ ಸಲಿಂಗಪ್ರೇಮಿಗಳ ಒಂದು ಗುಂಪು ತನ್ನ ವಾರ್ಷಿಕ ಸಭೆಗೆ ಕರೆಯಿತು. ಕಳೆದ ಮೂರು ವರ್ಷ ಅಲ್ಲಿ ಕೊನೆಯ ಭಾಷಣ ಅವಳದೇ.

ಅವಳ ಜೊತೆ ಯಾವಾಗಲೂ ಒಂದು ಡಬ್ಬಿ ಇರುತ್ತದೆ. ಸೇವು-ಮಂಡಕ್ಕಿ ತುಂಬಿಡುವಂಥ ದೊಡ್ಡ ಸ್ಟೀಲ್ ಡಬ್ಬಿ. ಎದ್ದು ನಿಂತು ಪ್ರಶ್ನೆ ಕೇಳಲು ಜನ ಹೆದರುತ್ತಾರೆ, ಅದಕ್ಕೇ ಚೀಟಿ ಬರೆದು ಡಬ್ಬಿಗೆ ಹಾಕಬೇಕು. ಹೆಸರು ಬೇಡ. ಆದರೆ ಹಾಕಿದ ಪ್ರತಿಯೊಂದು ಚೀಟಿಯನ್ನೂ ಗಟ್ಟಿಯಾಗಿ ಓದಲೇಬೇಕು. ಬೈದು ಬರೆದಿದ್ದರೂ ಸರಿ. ಅವಳು ಮಾಡಿದ ಈ ನಿಯಮವನ್ನು ಅಹಮದಾಬಾದಿನವರೂ ತಮ್ಮ ಸಭೆಯ ನಿಯಮ ಮಾಡಿಕೊಂಡರು.

ಡಬ್ಬಿಯಲ್ಲಿ ಅತಿ ಹೆಚ್ಚು ಬರುವ ಪ್ರಶ್ನೆ ಯಾವುದು ಗೊತ್ತೇ? ‘ಅದೆಲ್ಲಾ ಸರಿ, ಕೊನೆಗೆ ಯಾರನ್ನು ಮದುವೆಯಾಗ್ತೀರಿ?’

ಕೊನೆಗೆ ಕೇತನ್‌ನನ್ನು ಆದಳು. ನಮ್ಮ ಫ್ಯಾಕ್ಟರಿಯ ಡ್ರಾಯಿಂಗ್ ವಿಭಾಗದವನು, ವಡೋದರೆಯವನೇ. ನನ್ನನ್ನು ನೋಡಲು ಬಂದವಳು ಅವನನ್ನು ನೋಡಿದಳು. ಅವನಿಗೆ ಎಲ್ಲ ಗೊತ್ತು. ಅವಳ ಭಾಷಣವನ್ನು ಎರಡು ಸಲ ಕೇಳಿದ್ದಾನೆ, ಒಂದು ಸಲ ಚೀಟಿಯನ್ನೂ ಹಾಕಿದ್ದಾನೆ. (‘ಚಹಾ ಕುಡಿಯಲು ಬರುವಿರಾ?’ ನಿಯಮದಂತೆ ಗಟ್ಟಿಯಾಗಿ ಓದಬೇಕಾಯಿತು.)

ರಿಜಿಸ್ಟ್ರಾರ್ ಆಫೀಸಿನಲ್ಲಿ ಸಾಕ್ಷಿ ಸಹಿ ಹಾಕಿದವಳು ನಾನು. ಹಾಕಿ, ಪೆನ್ನಿನ ಕ್ಯಾಪ್ ಮುಚ್ಚುವ ಮೊದಲೇ ಕೇಳಿದೆ, ‘ಹಂಗಾರ ಇನ್ನ ಮುಗೀತಲ್ಲ?’

‘ಏನ್ ಮುಗೀತು?’

‘ಭಾಷಣ.’

‘ಯಾಕ? ಕೇತನ್ ನನ್ನ ಗಂಟಲಾ ಕಟ್ಟ್ಯಾನೇನು?’

ಎಲ್ಲದಕ್ಕೂ ಸಾಕ್ಷಿ ಕೇಳುವವಳು ನಾನು. ಆರು ವರ್ಷ ಅವಳ ಮಾತು ಕೇಳಿದವಳು ನಾನು. ನನ್ನ ಬಾಯಿಂದಲೇ ಡಬ್ಬಿಯ ಚೀಟಿ ಹೊರಬಿತ್ತು. ನಾಚಿಕೆಯಾಯಿತು. ಆದರೆ ನಾನೊಬ್ಬಳೇ ಅಲ್ಲ ಅಂತ ಆಮೇಲೆ ಗೊತ್ತಾಯಿತು.

ಅಹಮದಾಬಾದಿನ ಸಂಘಟಕ ಬಹಳ ಪ್ರೀತಿಯಿಂದಲೇ ಮಾತಾಡಿದನಂತೆ. ‘ರೋಹಿಣಿಬೆನ್, ಕಂಗ್ರಾಟ್ಸ್! ಈ ಸಲದ ಕೊನೆಯ ಭಾಷಣ ಮಾತ್ರ ಬೇರೆಯವರಿಗೆ ಕೊಡೋಣ ಅಂತ. ನೀವು ತಪ್ಪು ತಿಳೀಬೇಡಿ. ಈಗ ನಿಮಗೆ ಮದುವೆ ಸರ್ಟಿಫಿಕೇಟ್ ಸಿಕ್ಕಿದೆ, ನಮ್ಮ ಕಡೆಯವರಿಗೆ ಅದು ಎಂದೂ ಸಿಗೋದಿಲ್ಲ. ಅವರಿಗೆ ನೋವಾಗುತ್ತೆ. ನೀವು ಬನ್ನಿ, ಕೇತನ್‌ಭಾಯಿನೂ ಕರ್ಕೊಂಡು ಬನ್ನಿ, ಮುಂದಿನ ಸಾಲಲ್ಲಿ ಕೂತ್ಕೊಳ್ಳಿ.’ ಫೋನ್ ಇಡುವ ಮೊದಲು, ‘ಡಬ್ಬಿ ಮಾತ್ರ ತರ್ತೀರಾ, ಪ್ಲೀಸ್?’

ಅವರ ನೋವು ನನಗೆ ಅರ್ಥವಾಗುತ್ತದೆ. ಅವರ ಪ್ರೀತಿಯನ್ನೇ ಅಪರಾಧ ಅನ್ನುವ ಮುನ್ನೂರ ಎಪ್ಪತ್ತೇಳನೆಯ ಕಲಂ ಇರುವ ದೇಶದಲ್ಲಿ ಅವರು ಸಭೆ ಸೇರುವುದೇ ದೊಡ್ಡದು. ಅವರ ತರ್ಕ ಮಾತ್ರ ಅರ್ಥವಾಗುವುದಿಲ್ಲ. ಮೂರು ವರ್ಷ ಅವಳು ಇದೇ ವೇದಿಕೆಯಲ್ಲಿ ‘ನಾನು ಇಬ್ಬರನ್ನೂ ಪ್ರೀತಿಸಬಲ್ಲೆ’ ಅಂದಳು, ಇವರು ಚಪ್ಪಾಳೆ ತಟ್ಟಿದರು. ಹಾಗಾದರೆ ಅರ್ಧ ವಾಕ್ಯಕ್ಕೆ ಮಾತ್ರ ತಟ್ಟಿದ್ದೇ?

ಇನ್ನು ಸೂರತ್ತಿನ ಕರೆ. ಅಲ್ಲಿನ ನಮ್ಮ ಕನ್ನಡಿಗರ ಸಂಘದ ಕಾರ್ಯದರ್ಶಿ ಕುಲಕರ್ಣಿಯವರು, ಬ್ಯಾಂಕಿನಲ್ಲಿ ಮ್ಯಾನೇಜರು. ನಾಲ್ಕು ವರ್ಷದಿಂದ ಪ್ರತಿ ವಾರ್ಷಿಕೋತ್ಸವಕ್ಕೂ ನಾನು ಅವರಿಗೆ ಪತ್ರ ಬರೆಯುತ್ತಿದ್ದೆ. ರೋಹಿಣಿಗೆ ಹತ್ತೇ ನಿಮಿಷ ಕೊಡಿ ಅಂತ. ನಾಲ್ಕೂ ಸಲ ಒಂದೇ ಉತ್ತರ: ‘ಹೆಣ್ಣುಮಕ್ಕಳು ಬಂದಿರ್ತಾರ್ರೀ, ಅಂಥಾ ವಿಷಯ ಬ್ಯಾಡ.’ (ರೋಹಿಣಿ ಯಾರು ಅಂದುಕೊಂಡಿದ್ದರೋ!)

ಈಗ ಅವರೇ ಫೋನ್ ಮಾಡಿ, ‘ಎಲ್ಲಾ ಛಲೋ ಆತಲ್ಲವಾ! ಈ ಸಲ ನವದಂಪತಿ ಸನ್ಮಾನಕ್ಕ ನಿಮ್ಮಿಬ್ಬರನ್ನ ಕೂಡ್ಸೂದು ಅಂತ ಕಮಿಟಿ ಠರಾವ್ ಮಾಡೇತಿ’ ಅಂದರು.

ನಾನು ‘ಹೋಗಬೇಡ’ ಅಂದೆ. ಅವಳು ‘ಸನ್ಮಾನ ಆದವರು ಎರಡು ಮಾತು ಆಡೂ ಪದ್ಧತಿ ಐತಿ’ ಅಂದಳು. ಅಷ್ಟೇ. ಅಹಮದಾಬಾದಿನಲ್ಲಿ ಆಡಬೇಕೆಂದು ಬರೆದಿಟ್ಟ ಭಾಷಣ ಅವಳ ಚೀಲದಲ್ಲೇ ಇತ್ತು. ಅದಕ್ಕೆ ಒಂದು ಮೈಕು ಬೇಕಿತ್ತು.

ವಾರ್ಷಿಕೋತ್ಸವ ಸೂರತ್ತಿನ ಅಡಾಜಣ್ ಬಡಾವಣೆಯ ಒಂದು ಶಾಲೆಯ ಹಾಲ್‌ನಲ್ಲಿ. ಬೆಳಿಗ್ಗೆ ಮಕ್ಕಳ ಭಾಷಣ ಸ್ಪರ್ಧೆಗೆ ನಾನೇ ತೀರ್ಪುಗಾರ್ತಿ, ನಾನೇ ಟೈಮ್ ಕೀಪರ್. ಮೂರು ನಿಮಿಷಕ್ಕೆ ಗಂಟೆ. ಮಕ್ಕಳು ಕನ್ನಡದಲ್ಲಿ ಶುರು ಮಾಡಿ, ತಡವರಿಸಿ, ಗುಜರಾತಿಯಲ್ಲಿ ದಡ ಸೇರುತ್ತಿದ್ದರು. ಸ್ಪರ್ಧೆ ಮುಗಿದರೂ ಗಂಟೆ ನನ್ನ ಮೇಜಿನ ಮೇಲೇ ಉಳಿಯಿತು.

ಸನ್ಮಾನ ಶುರುವಾಯಿತು. ಕೇತನ್‌ಗೆ ಮೈಸೂರು ಪೇಟ, ಇಬ್ಬರಿಗೂ ಶಾಲು, ಹಣ್ಣಿನ ಬುಟ್ಟಿ. ಕುಲಕರ್ಣಿಯವರು ಪರಿಚಯ ಓದಿದರು. ಕೇತನ್‌ನ ಡಿಗ್ರಿ, ಹುದ್ದೆ, ಅವನ ತಂದೆಯ ಹುದ್ದೆ, ತಾತನ ಅಂಗಡಿ. ಆಮೇಲೆ, ‘ಜೊತೆಗೆ ಅವರ ಧರ್ಮಪತ್ನಿ ಸೌಭಾಗ್ಯವತಿ ರೋಹಿಣಿಯವರು.’ ಮುಗಿಯಿತು. ಆರು ವರ್ಷ ಎಲ್ಲಿ ಹೋಯಿತು? ಪಾಂಡೇಸರಾ ಎಲ್ಲಿ ಹೋಯಿತು?

‘ಈಗ ದಂಪತಿಗಳ ಪರವಾಗಿ ಯಜಮಾನರು ಎರಡು ಮಾತು ಆಡ್ತಾರ.’

ರೋಹಿಣಿಯ ಮುಖ ನೋಡಿದೆ. ಪದ್ಧತಿಯ ಈ ಭಾಗ ಅವಳಿಗೆ ನೆನಪೇ ಇರಲಿಲ್ಲ. ನನಗೂ ಇರಲಿಲ್ಲ. ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿದರೆ ಮೈಕು ಯಾರ ಕೈಗೆ ಹೋಗುತ್ತದೆ ಅಂತ ಮೊದಲೇ ಯೋಚಿಸದ ನಾವೆಂಥ ಚರ್ಚಾಪಟುಗಳು?

ಕೇತನ್ ಎದ್ದ. ಪೇಟ ಹುಬ್ಬಿನ ಮೇಲೆ ಜಾರಿತ್ತು. ಬಲು ನಿಧಾನವಾಗಿ ಹೇಳಿದ: ‘ಎಲ್ಲರಿಗೂ ನಮಸ್ಕಾರ. ನನಗೆ ಕನ್ನಡ ಬರೂದಿಲ್ಲ. ಈಕಿಗೆ ಬರತೈತಿ.’ ಮೈಕನ್ನು ಅವಳ ಕೈಗಿಟ್ಟು ಕೂತುಬಿಟ್ಟ.

ಹಾಲ್ ತುಂಬಾ ನಗು, ಚಪ್ಪಾಳೆ. ಕುಲಕರ್ಣಿಯವರೂ ತಟ್ಟಿದರು. ಆಮೇಲೆ ಅವರ ಕೈಗಳು ಅರ್ಧಕ್ಕೇ ನಿಂತವು.

ರೋಹಿಣಿ ಚೀಲದ ಭಾಷಣ ತೆಗೆಯಲೇ ಇಲ್ಲ. ‘ಮನ್ಯಾಗ ನಾನು ದಿನಾ ಗುಜರಾತಿ ಮಾತಾಡ್ತೀನಿ’ ಅಂತ ಶುರು ಮಾಡಿದಳು. ‘ಗುಜರಾತಿಯವನನ್ನ ಮದಿವಿ ಆಗೇನಿ, ಮಾತಾಡಬೇಕಲ್ಲ? ಆದ್ರ ರೋಹಿಣಿ ಕನ್ನಡದಾಕಿ ಅಲ್ಲ ಅಂತ ಯಾರರ ಅಂದ್ರ ನೀವೇ ಜಗಳಕ್ಕ ನಿಲ್ತೀರಿ. ನಿಲ್ತೀರಿಲ್ಲೋ?’ ‘ಹೌದ್ರೀ!’ ಅಂತ ಹಿಂದಿನಿಂದ ಒಂದು ದನಿ. ‘ಹಂಗಾರ ಕೇಳ್ರಿ. ನಾನು ಹೆಣ್ಣಮಕ್ಕಳನ್ನೂ ಪ್ರೀತಿ ಮಾಡೇನಿ. ಗಂಡಸನ್ನ ಮದಿವಿ ಆದೆ ಅಂತ ಅದು ಸುಳ್ಳಾಗೂದಿಲ್ಲ.’

ಚಪ್ಪಾಳೆ ಇಲ್ಲ. ಯಾರೋ ಕೆಮ್ಮಿದರು. ಅವಳು ನಿಲ್ಲಿಸಲಿಲ್ಲ.

ಕುಲಕರ್ಣಿಯವರು ವೇದಿಕೆಯ ಪಕ್ಕದಿಂದ ನನಗೆ ಸನ್ನೆ ಮಾಡತೊಡಗಿದರು. ಬೆರಳಿನಿಂದ ಗಾಳಿಯಲ್ಲಿ ಗಂಟೆ ಒತ್ತುತ್ತಿದ್ದರು. ಹೊಡೀರಿ, ಹೊಡೀರಿ! ಜೀವನದಲ್ಲಿ ಒಂದು ಗಂಟೆಯನ್ನೂ ಮೀರಿದವಳಲ್ಲ ನಾನು. ಎದುರಾಳಿ ಒಂದು ಸೆಕೆಂಡ್ ಹೆಚ್ಚು ತೆಗೆದುಕೊಂಡರೂ ಆಕ್ಷೇಪಿಸಿದವಳು. ಗಂಟೆಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಮೇಲೆ ಸೆರಗು ಹೊದಿಸಿದೆ.

ಊಟದಲ್ಲಿ ಕುಲಕರ್ಣಿಯವರು ನನ್ನನ್ನು ಹಿಡಿದರು. (ಅಡುಗೆಯವನು ಬಿಸಿಬೇಳೆಬಾತಿಗೂ ಸಕ್ಕರೆ ಹಾಕಿದ್ದ. ಸಿಟ್ಟಿಗೆ ಅದೂ ಸೇರಿತು.)

‘ಗಂಟಿ ಯಾಕ ಹೊಡೀಲಿಲ್ರೀ? ಹತ್ತು ನಿಮಿಷ ಆತು!’

‘ಟೈಮ್ ಇತ್ತು ಸರ್. ನಾಲ್ಕು ವರ್ಷ, ವರ್ಷಕ್ಕೆ ಹತ್ತು ನಿಮಿಷ ಕೇಳಿದ್ದೆ. ಇನ್ನೂ ಮೂವತ್ತು ಅದಾವ.’

‘ಅಲ್ರೀ, ಮದಿವಿ ಆದ ಮ್ಯಾಲೆ ಆ ಹಳೇದೆಲ್ಲಾ ತಾನ ಹೋಗತೈತಿ. ಈಕಿ ಯಾಕ ಹಿಡಕೊಂಡು ಕುಂತಾಳ?’

‘ನಿಮ್ಮ ಮದುವೆಯಾದ ದಿನದಿಂದ ನಿಮಗೆ ಬ್ಯಾರೆ ಯಾವ ಹೆಂಗಸೂ ಚಂದ ಕಂಡೇ ಇಲ್ಲೇನು ಸರ್?’

ಪಕ್ಕದಲ್ಲಿ ಅವರ ಶ್ರೀಮತಿಯವರು ಊಟ ನಿಲ್ಲಿಸಿದರು. ಉತ್ತರಕ್ಕಾಗಿ ಅವರೂ ಕಾಯುತ್ತಿದ್ದಂತೆ ಕಂಡಿತು. ಕುಲಕರ್ಣಿಯವರು ಮಜ್ಜಿಗೆ ತರಲು ಹೋದರು. ಮಜ್ಜಿಗೆಯ ಕಡೆಯಿಂದ ವಾಪಸ್ ಬರಲೇ ಇಲ್ಲ.

ಗೆದ್ದೆವು ಅಂದುಕೊಂಡೆ. ಹೊರಡುವಾಗ ಹಿರಿಯರೊಬ್ಬರು ರೋಹಿಣಿಯ ಕೈ ಹಿಡಿದು, ‘ಭಾಳ ಛಂದ ಮಾತಾಡಿದಿ ಬಿಡವಾ. ಇನ್ನ ಹಳೇದೆಲ್ಲಾ ಮರ್ತು ಸುಖವಾಗಿರು’ ಅಂದರು. ನನಗೆ ತಲೆ ಚಚ್ಚಿಕೊಳ್ಳಬೇಕೆನ್ನಿಸಿತು. ರೋಹಿಣಿ ನಗುತ್ತಾ ನಮಸ್ಕಾರ ಮಾಡಿದಳು. ಆರು ವರ್ಷದ ಅಭ್ಯಾಸ.

ಬರುವ ಭಾನುವಾರ ಅಹಮದಾಬಾದಿನ ಸಭೆ. ಇಬ್ಬರೂ ಹೋಗುತ್ತಿದ್ದಾರೆ, ಮುಂದಿನ ಸಾಲಿಗೆ. ಅವರು ಕೇಳಿದಂತೆ ಡಬ್ಬಿಯನ್ನೂ ಒಯ್ಯುತ್ತಾಳೆ. ನಿನ್ನೆ ನನ್ನ ಮನೆಯಲ್ಲಿ ಕೂತು ಮೊದಲ ಚೀಟಿಯನ್ನು ತಾನೇ ಬರೆದು ಒಳಗೆ ಹಾಕಿ ಮುಚ್ಚಳ ಮುಚ್ಚಿದಳು. ನಿಯಮ ನಿಯಮವೇ, ವೇದಿಕೆಯ ಮೇಲಿರುವವರು ಅದನ್ನು ಗಟ್ಟಿಯಾಗಿ ಓದಲೇಬೇಕು:

‘ಯಾರನ್ನು ಮದುವೆಯಾಗ್ತೀರಿ ಅಂತ ಆರು ವರ್ಷ ಕೇಳಿದಿರಿ. ಆಯಿತು. ಈಗ ಮಾತಾಡಲೇ?’